ಕಾಸು, ಬಿಲ್ಲೆ, ಪದಕ

(ಸುವರ್ಣ ಮಹೋತ್ಸವದ ಎರಡನೆಯ ದಿನ ಬೆಳಿಗ್ಗೆ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ. ಭಾಷಣಕಾರರು ನಮ್ಮ ಶಾಲೆಯ 2004ರ ಎಸ್.ಎಸ್.ಎಲ್.ಸಿ. ತಂಡದವರು, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಸಮಿತಿಯವರು ಫೋನ್ ಮಾಡಿ, ಕಂಪ್ಯೂಟರ್ ಕ್ಷೇತ್ರದಲ್ಲಿ ಇರುವ ಉದ್ಯೋಗಗಳ ಬಗ್ಗೆ ಮಾತಾಡಬೇಕು ಎಂದರು. ಆ ಮಾಹಿತಿ ಈ ಮಕ್ಕಳಿಗೆ ನನಗಿಂತ ಬೇಗ ಮೊಬೈಲಿನಲ್ಲೇ ಸಿಗುತ್ತದೆ, ನನ್ನ ಹವ್ಯಾಸದ ಬಗ್ಗೆ ಮಾತಾಡಲು ಬಿಡಿ ಎಂದು ಕೇಳಿಕೊಂಡೆ. ದೊಡ್ಡ ಮನಸ್ಸು ಮಾಡಿ ಒಪ್ಪಿದರು. ಸುವರ್ಣ ಮಹೋತ್ಸವಕ್ಕೆ ಬರುವಾಗ ಸುವರ್ಣ ತರಬೇಕಿತ್ತು. ನಾನು ತಂದಿರುವುದು ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ.

ಮೊದಲು ಇದನ್ನು ನೋಡಿ. ಹತ್ತು ಪೈಸೆ. ಅಂಚು ಹೂವಿನ ಎಸಳಿನ ಹಾಗಿದೆ, ಊದಿದರೆ ಹಾರುವಷ್ಟು ಹಗುರ. ಮೇಲಿರುವ ಇಸವಿ 1974, ನಮ್ಮ ಶಾಲೆ ಶುರುವಾದ ವರ್ಷ. ‘ಯೋಜಿತ ಕುಟುಂಬ, ಎಲ್ಲರಿಗೂ ಆಹಾರ’ ಎಂಬ ಅರ್ಥದ ಮಾತು ಅದರ ಮೇಲಿದೆ. ಐವತ್ತು ವರ್ಷದ ಹಿಂದೆ ಸರ್ಕಾರಕ್ಕೆ ಯಾವುದರ ಚಿಂತೆ ಹೆಚ್ಚಾಗಿತ್ತು ಎಂಬುದನ್ನು ತಿಳಿಯಲು ದಪ್ಪ ಪುಸ್ತಕ ಬೇಡ. ಮಕ್ಕಳು ಗೋಲಿ, ಪೆಪ್ಪರಮಿಂಟು ಕೊಳ್ಳುತ್ತಿದ್ದ ನಾಣ್ಯದ ಮೇಲೇ ಅದನ್ನು ಅಚ್ಚು ಹಾಕಿ ಹಂಚಿದ್ದರು. ಈ ಶಾಲೆಯ ಮೊದಲ ತಂಡದವರು ಇಲ್ಲಿ ಕೂತಿದ್ದಾರೆ. ಇದು ಅವರ ಚಡ್ಡಿ ಜೇಬಿನಲ್ಲಿ ಓಡಾಡಿದ ನಾಣ್ಯ. ಯಾರೂ ಮೇಲಿನ ಅಕ್ಷರ ಓದಿರಲಿಕ್ಕಿಲ್ಲ. ನಾನಿದ್ದರೂ ಓದುತ್ತಿರಲಿಲ್ಲ.

ಓದುವ ಅಭ್ಯಾಸ ನನಗೆ ಹತ್ತಿದ್ದು ಇಲ್ಲೇ, ಎಂಟನೆಯ ತರಗತಿಯಲ್ಲಿ, ಅದೂ ಒಂದು ತಪ್ಪಿನಿಂದ. ನಮ್ಮಜ್ಜಿಯ ಹತ್ತಿರ ಒಂದು ತಗಡಿನ ಡಬ್ಬಿ ಇತ್ತು. ಅದರಲ್ಲಿ ಎಲೆ ಅಡಿಕೆಯ ಜೊತೆಗೆ ಹಳೇ ಕಾಸುಗಳು. ನಡುವೆ ತೂತಿದ್ದ ಒಂದು ಬಿಲ್ಲೆ, ಕುದುರೆ ಚಿತ್ರದ್ದು ಒಂದು, ಮತ್ತೆ ಕಪ್ಪಗೆ ದಪ್ಪಗಿದ್ದ ಒಂದು ತಾಮ್ರದ ಕಾಸು. ಅದರ ಮೇಲೆ ಮಸುಕಾದ ಆನೆ. ಸಮಾಜ ವಿಜ್ಞಾನದ ಮೇಷ್ಟ್ರು ‘ಮನೆಯಲ್ಲಿ ಹಳೆಯದು ಏನಿದ್ದರೂ ತನ್ನಿ’ ಎಂದಿದ್ದರು. ನಾನು ರಾತ್ರಿಯೆಲ್ಲ ಹುಣಸೆಹಣ್ಣು, ಬೂದಿ ಹಾಕಿ ಆನೆ ಕಾಸನ್ನು ತಿಕ್ಕಿ, ಹೊಸ ಚೊಂಬಿನ ಹಾಗೆ ಫಳಫಳ ಮಾಡಿ, ಬೆಳಿಗ್ಗೆ ಹೆಮ್ಮೆಯಿಂದ ಅವರ ಕೈಗೆ ಕೊಟ್ಟೆ.

ಮೇಷ್ಟ್ರು ಕಿಟಕಿ ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ‘ಇದರ ಮೇಲೆ ಅಕ್ಷರ ಇತ್ತಲ್ಲೋ ಮರಿ’ ಎಂದರು, ಅಷ್ಟೇ. ನೂರೈವತ್ತು ವರ್ಷಕ್ಕೂ ಮೀರಿ ಸಾವಿರಾರು ಕೈ ದಾಟಿಯೂ ಉಳಿದಿದ್ದ ಅಕ್ಷರವನ್ನು ನಾನು ಒಂದೇ ರಾತ್ರಿ ಒರೆಸಿ ಹಾಕಿದ್ದೆ. ತಾಮ್ರದ ಮೇಲೆ ಕಟ್ಟುವ ಆ ಕಪ್ಪು ಕೊಳೆಯಲ್ಲ, ಅದೇ ಅದಕ್ಕೆ ಹೊದಿಕೆ ಎಂದು ಗೊತ್ತಾದದ್ದು ಆಮೇಲೆ. ಆ ಕಾಸು ಈಗಲೂ ನನ್ನಲ್ಲಿದೆ. ಮಾರಲು ಹೋದರೆ ಯಾರೂ ಕೊಳ್ಳುವುದಿಲ್ಲ, ನಾನು ಮಾರುವುದೂ ಇಲ್ಲ.

ಅಳಿಸಿ ಹೋದದ್ದು ಏನು ಎಂದು ತಿಳಿಯಬೇಕಾದರೆ ಅದೇ ಬಗೆಯ ಇನ್ನೊಂದು ಕಾಸು ನೋಡಬೇಕಲ್ಲ. ಇಂಜಿನಿಯರಿಂಗ್ ಓದುವಾಗ ಬೆಂಗಳೂರಿನಲ್ಲಿ ಒಂದು ನಾಣ್ಯ ಪ್ರದರ್ಶನಕ್ಕೆ ಹೋಗಿ ಕಂಡುಹಿಡಿದೆ. ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಇಪ್ಪತ್ತು ಕಾಸಿನ ನಾಣ್ಯ. ಒಂದು ಬದಿ ಆನೆ, ಮೇಲೆ ‘ಶ್ರೀ’. ಇನ್ನೊಂದು ಬದಿಯಲ್ಲಿ ಕನ್ನಡದಲ್ಲಿ ‘ಮಯಿಲಿ ಕಾಸು’, ಇಂಗ್ಲಿಷಿನಲ್ಲಿ ‘ಕ್ಯಾಷ್’, ಜೊತೆಗೆ ಪಾರ್ಸಿ ಅಕ್ಷರ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಬಿಲ್ಲೆಯಲ್ಲಿ ಮೂರು ಲಿಪಿ! ಸಂತೆಗೆ ಬರುವ ರೈತ, ಕಂದಾಯದ ಗುಮಾಸ್ತ, ಕಂಪನಿಯ ಸಾಹೇಬ, ಮೂವರಿಗೂ ಅರ್ಥವಾಗಬೇಕಿತ್ತು.

ಆ ಆನೆಯ ಕಥೆ ಇನ್ನೂ ಚೆನ್ನಾಗಿದೆ. ಅದಕ್ಕೂ ಮುಂಚೆ ಟಿಪ್ಪು ಸುಲ್ತಾನನ ತಾಮ್ರದ ಕಾಸುಗಳ ಮೇಲೆ ಇದ್ದದ್ದೂ ಆನೆಯೇ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ರಾಜ್ಯ ಕೈ ಬದಲಾಯಿತು, ಆನೆ ಮಾತ್ರ ಕಾಸಿನಿಂದ ಇಳಿಯಲಿಲ್ಲ. ಟಿಪ್ಪುವಿನ ತಂದೆ ಹೈದರಾಲಿಯೂ ಹಾಗೇ ಮಾಡಿದ್ದ. ಬಿದನೂರು ಗೆದ್ದ ಮೇಲೆ ಅವನು ಹಾಕಿಸಿದ ಚಿನ್ನದ ವರಹದ ಮೇಲೆ ವಿಜಯನಗರದ ಕಾಲದಿಂದ ಬಂದ ಶಿವ ಪಾರ್ವತಿಯರ ಚಿತ್ರವನ್ನೇ ಉಳಿಸಿಕೊಂಡ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಒಂದೇ ಒಂದು. ರಾಜ ಯಾರಾದರೂ ಆಗಲಿ, ಅಂಗಡಿಯವನು ಗುರುತು ಹಿಡಿಯದ ನಾಣ್ಯ ಚಲಾವಣೆ ಆಗುವುದಿಲ್ಲ. ಗೆದ್ದವನೂ ಸಂತೆಯ ಹೆಂಗಸಿನ ನಂಬಿಕೆಗೆ ತಲೆಬಾಗಬೇಕಿತ್ತು. ಇದನ್ನು ನಾನು ಪರೀಕ್ಷೆಗೆ ಓದಿದ ಯಾವ ಪಾಠದಿಂದಲೂ ಅಷ್ಟು ಚೆನ್ನಾಗಿ ತಿಳಿದಿರಲಿಲ್ಲ.

ಟಿಪ್ಪುವಿನ ಕಾಸಿನ ಬಗ್ಗೆ ಒಂದು ಮಾತು, ನನ್ನ ವೃತ್ತಿಯವರಿಗೆ. ತನ್ನ ಆಳ್ವಿಕೆಯಲ್ಲಿ ಹೊಸ ಶಕೆ ತಂದ ಮೇಲೆ ಅವನು ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಹಾಕಿಸಿದ. ಎಡದಿಂದ ಓದಿದರೆ ಲೆಕ್ಕ ಕೆಡುತ್ತದೆ. ನಾವು ಸಾಫ್ಟ್‌ವೇರಿನವರು ಅಂಕಿಗಳ ಹಿಂದು ಮುಂದಿನ ಇದೇ ಗೊಂದಲಕ್ಕೆ ಸಿಕ್ಕಿ ರಾತ್ರಿ ನಿದ್ದೆಗೆಡುತ್ತೇವೆ.

ಮಕ್ಕಳೆ, ಈ ಹವ್ಯಾಸಕ್ಕೆ ರಾಜರ ಕಾಸು ಬೇಕಿಲ್ಲ. ಈಗ ನಿಮ್ಮ ಜೇಬಿನಲ್ಲಿ ರೂಪಾಯಿ ಇದ್ದರೆ ತೆಗೆಯಿರಿ. ಇಸವಿಯ ಕೆಳಗೆ ನೋಡಿ. ಚಿಕ್ಕ ವಜ್ರದಾಕಾರ ಇದ್ದರೆ ಮುಂಬೈ ಟಂಕಸಾಲೆಯದು, ನಕ್ಷತ್ರ ಇದ್ದರೆ ಹೈದರಾಬಾದಿನದು, ಬರೀ ಚುಕ್ಕಿ ಇದ್ದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಮೈಸೂರಿನಲ್ಲಿ ನೋಟು ಅಚ್ಚಾಗುತ್ತದೆ, ನಾಣ್ಯ ಮಾತ್ರ ಈಗ ಕರ್ನಾಟಕದಲ್ಲಿ ಎಲ್ಲೂ ತಯಾರಾಗುವುದಿಲ್ಲ. 2006ರಲ್ಲಿ ಬಸವಣ್ಣನವರ ಚಿತ್ರದ ಐದು ರೂಪಾಯಿ ಬಂತು. ಅದನ್ನು ಬಸ್ಸಿನ ಚಿಲ್ಲರೆಯಲ್ಲಿ ಪಡೆದ ದಿನ ನಾನು ಇಳಿಯಬೇಕಾದ ಸ್ಟಾಪು ಮರೆತು ಮುಂದೆ ಹೋಗಿದ್ದೆ. ಆ ಸಂತೋಷಕ್ಕೆ ನಾನು ಕೊಟ್ಟ ಬೆಲೆ ಐದೇ ರೂಪಾಯಿ, ಹಿಂದಕ್ಕೆ ಬರುವ ನಡಿಗೆ ಬೇರೆ.

ಅಜ್ಜಿ ಸಾಯುವ ತನಕ ಇಪ್ಪತ್ತೈದು ಪೈಸೆಯನ್ನು ನಾಲ್ಕಾಣೆ ಎಂದೇ ಕರೆದಳು. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆ ಎಂದು ಆದಾಗ ಅವಳು ಮೊಸರು ಮಾರುತ್ತಿದ್ದಳಂತೆ. ಅದಕ್ಕೆ ಮುಂಚೆ ರೂಪಾಯಿಗೆ ಹದಿನಾರಾಣೆ. ಹೊಸ ಲೆಕ್ಕದಲ್ಲಿ ಒಂದಾಣೆಗೆ ಆರು ಪೈಸೆ, ನಾಲ್ಕಾಣೆಗೆ ಇಪ್ಪತ್ತೈದು. ‘ಒಂದೊಂದಾಣೆ ಮೊಸರು ನಾಲ್ಕು ಮನೆಗೆ ಹಾಕಿದ್ರೆ ನಂಗೆ ಇಪ್ಪತ್ನಾಲ್ಕೇ ಬರ್ತಿತ್ತು. ಆ ಒಂದು ಪೈಸೆ ಎಲ್ಲಿಗೋಯ್ತು?’ ಎಂದು ಕೇಳುತ್ತಿದ್ದಳು. ಶಾಲೆಗೆ ಹೋಗದ ಹೆಂಗಸು. ನಾನು ಇವತ್ತು ಪ್ರೋಗ್ರಾಮ್ ಬರೆಯುವಾಗ ಪೈಸೆಗಳನ್ನು ಪೂರ್ಣಾಂಕಕ್ಕೆ ತರುವ ಜಾಗ ಬಂದರೆ ಅವಳ ಪ್ರಶ್ನೆ ನೆನಪಾಗಿ ಇನ್ನೊಂದು ಸಲ ಪರೀಕ್ಷಿಸುತ್ತೇನೆ. 2011ರ ಜೂನ್ ಕೊನೆಗೆ ನಾಲ್ಕಾಣೆಯ ಚಲಾವಣೆಯೂ ಮುಗಿಯಿತು. ಅವಳು ಅದನ್ನು ನೋಡಲಿಲ್ಲ.

ಇನ್ನು ಟೋಕನ್ನು. ಇದು ಹಿತ್ತಾಳೆಯದು, ನಂಬರ್ 37. ತಾಲ್ಲೂಕಿನ ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಕ್ಕಿತು. ಬ್ಯಾಂಕಿನಲ್ಲಿ ಚೆಕ್ಕು ಕೊಟ್ಟು, ಇಂಥ ಬಿಲ್ಲೆ ಹಿಡಿದು, ಕ್ಯಾಷಿಯರ್ ನಂಬರ್ ಕೂಗುವ ತನಕ ಬೆಂಚಿನ ಮೇಲೆ ಕಾಯುತ್ತಿದ್ದ ಕಾಲ ಹಿರಿಯರಿಗೆ ಗೊತ್ತು. ಬೆಳೆ ಸಾಲದ ಹಣ ತರಲು ಹೋದಾಗ ಅಪ್ಪ ಬಿಲ್ಲೆಯನ್ನು ನನ್ನ ಕೈಗೆ ಕೊಟ್ಟು ‘ಬಿಗಿಯಾಗಿ ಹಿಡ್ಕೊ’ ಎನ್ನುತ್ತಿದ್ದರು. ಅಂಗೈ ಬೆವತು ಹಿತ್ತಾಳೆಯ ವಾಸನೆ ಬರುತ್ತಿತ್ತು. ಸರ್ಕಾರದ ನಾಣ್ಯಕ್ಕೆ ಪುಸ್ತಕಗಳಿವೆ, ಪಟ್ಟಿಗಳಿವೆ. ಈ ಬಿಲ್ಲೆಗಳ ಲೆಕ್ಕ ಯಾರೂ ಇಟ್ಟಿಲ್ಲ, ಆದ್ದರಿಂದಲೇ ನನಗೆ ಇವುಗಳ ಮೇಲೆ ಆಸೆ ಜಾಸ್ತಿ. ಬೆಂಗಳೂರಿನ ಮೆಟ್ರೋ ಟೋಕನ್ ಮಾತ್ರ ನನ್ನ ಸಂಗ್ರಹದಲ್ಲಿಲ್ಲ. ಹೊರಗೆ ಬರುವಾಗ ಗೇಟು ಅದನ್ನು ನುಂಗಿಕೊಳ್ಳುತ್ತದೆ, ಪ್ರಾಮಾಣಿಕವಾಗಿ ಮನೆಗೆ ತರಲು ದಾರಿಯಿಲ್ಲ.

ಈಗ ಹೇಳಲು ಕಷ್ಟವಾದ ಒಂದು ವಿಷಯ. ಚಿಕ್ಕಪ್ಪನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

2021ರ ಲಾಕ್‌ಡೌನ್ ಸಮಯದಲ್ಲಿ ಅವರಿಗೆ ಒಂದು ಫೋನ್ ಬಂತು. ಟ್ರ್ಯಾಕ್ಟರ್ ಚಿತ್ರದ ಹಳೇ ಐದು ರೂಪಾಯಿ ನೋಟು, ಘೇಂಡಾಮೃಗದ ನಾಲ್ಕಾಣೆ ಇದ್ದರೆ ಲಕ್ಷಗಟ್ಟಲೆ ಕೊಡುತ್ತೇವೆ ಎಂದರು. ಎರಡೂ ಮನೆಯಲ್ಲಿದ್ದವು. ಮೊದಲು ನೋಂದಣಿ ಶುಲ್ಕ, ಆಮೇಲೆ ತೆರಿಗೆ, ಆಮೇಲೆ ಕಮಿಷನ್ ಎಂದು ಮೂರು ಕಂತಿನಲ್ಲಿ 18,500 ರೂಪಾಯಿ ಕಳಿಸಿದರು. ರಿಸರ್ವ್ ಬ್ಯಾಂಕಿನ ಹೆಸರಿದ್ದ ಪತ್ರವೂ ಮೊಬೈಲಿಗೆ ಬಂದಿತ್ತು. ಆಮೇಲೆ ಆ ನಂಬರು ಸತ್ತುಹೋಯಿತು. ಅದು ತಂಗಿಯ ಕಾಲೇಜು ಶುಲ್ಕಕ್ಕೆ ಇಟ್ಟಿದ್ದ ಹಣ. ಆರು ತಿಂಗಳು ಯಾರಿಗೂ ಹೇಳಲಿಲ್ಲ. ಕೊನೆಗೆ ನನ್ನ ಹತ್ತಿರ ಬಾಯಿ ಬಿಟ್ಟಾಗ ಅಂದದ್ದು ಇಷ್ಟು: ‘ಹಳೇ ಕಾಸಿಗೆ ಬೆಲೆ ಐತೆ ಅಂತ ಮನೇಲಿ ಹೇಳ್ತಿದ್ದೋನು ನೀನೇ ಅಲ್ವೇನಪ್ಪ?’

ನನ್ನ ಹತ್ತಿರ ಉತ್ತರವಿರಲಿಲ್ಲ. ನಾನು ಬೆಲೆ ಎಂದದ್ದು ಒಂದು ಅರ್ಥದಲ್ಲಿ, ಅವರಿಗೆ ಕೇಳಿಸಿದ್ದು ಇನ್ನೊಂದು ಅರ್ಥದಲ್ಲಿ. ಹಬ್ಬಕ್ಕೆ ಬಂದಾಗಲೆಲ್ಲ ‘ಇದು ಸಿಗೋದೇ ಇಲ್ಲ, ಗೊತ್ತಾ’ ಎಂದು ಜಂಬ ಕೊಚ್ಚಿದ್ದು ನಾನೇ. ತಪ್ಪಿನ ಒಂದು ಪಾಲು ನನ್ನದು.

ಆದ್ದರಿಂದ ಎಲ್ಲರ ಮುಂದೆ ಸ್ಪಷ್ಟವಾಗಿ ಹೇಳುತ್ತೇನೆ. ಘೇಂಡಾಮೃಗದ ನಾಲ್ಕಾಣೆ ಹೇರಳವಾಗಿ ಅಚ್ಚಾದ ನಾಣ್ಯ, ಹಳೆಯದಾದ ಮಾತ್ರಕ್ಕೆ ಅಪರೂಪ ಆಗುವುದಿಲ್ಲ. ರಾಮ ಸೀತೆ, ಹನುಮಂತರ ಚಿತ್ರವಿದ್ದು ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದು ಬರೆದ ಕಾಸನ್ನು ಯಾರಾದರೂ ತೋರಿಸಿದರೆ ತಿಳಿದುಕೊಳ್ಳಿ, ಕಂಪನಿ ಅಂಥ ನಾಣ್ಯ ಹಾಕಿಸಿಯೇ ಇಲ್ಲ. ಅಕ್ಕಿ ಕಾಳು ಎಳೆಯುವ ಚೊಂಬು, ಕಾಸು ಎನ್ನುವುದೆಲ್ಲ ಮೋಸ. ಹಳೇ ನಾಣ್ಯ, ನೋಟುಗಳ ವ್ಯವಹಾರದಲ್ಲಿ ತಾನು ಇಲ್ಲ, ಅದಕ್ಕಾಗಿ ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಪ್ರಕಟಣೆ ಕೊಟ್ಟಿದೆ. ಕೊಳ್ಳುವವನು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ಕೇಳಬಾರದು. ಕೇಳಿದರೆ ಫೋನ್ ಇಡಿ. ಹಣ ಹೋಗಿದ್ದರೆ ನಾಚಿಕೆಪಡದೆ ಆ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಿ. ಚಿಕ್ಕಪ್ಪ ಆರು ತಿಂಗಳು ತಡ ಮಾಡಿದರು, ಏನೂ ವಾಪಸು ಬರಲಿಲ್ಲ.

ಉಳುವಾಗ, ಪಾಯ ತೆಗೆಯುವಾಗ ಗಡಿಗೆ ಸಿಕ್ಕಿದರೆ ಅದು ಬೇರೆ ವಿಷಯ. ಕಾಯಿದೆಯ ಪ್ರಕಾರ ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ರಾತ್ರೋರಾತ್ರಿ ಕರಗಿಸಿದರೆ ಚಿನ್ನವೋ ಬೆಳ್ಳಿಯೋ ಉಳಿಯುತ್ತದೆ, ಊರಿನ ಕಥೆ ಹೋಗುತ್ತದೆ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಅವು ಸಿಕ್ಕ ಜಾಗದಲ್ಲೇ ದಾಖಲಾದ್ದರಿಂದ, ಎರಡು ಸಾವಿರ ವರ್ಷದ ಹಿಂದೆ ನಮ್ಮ ಕಡೆಯವರಿಗೂ ಸಮುದ್ರದಾಚೆಯ ವ್ಯಾಪಾರದ ನಂಟಿತ್ತು ಎಂದು ಇವತ್ತು ಹೇಳಬಹುದು.

ಕೊನೆಗೆ ಪದಕ. ಬೆಂಗಳೂರಿನ ಗೆಳೆಯರೊಬ್ಬರ ಸಂಗ್ರಹದಲ್ಲಿ ಮೊದಲ ಮಹಾಯುದ್ಧದ ಬ್ರಿಟಿಷ್ ಪದಕಗಳನ್ನು ನೋಡಿದೆ. ಸೈನಿಕರಿಗೆ ಬೆಳ್ಳಿಯದು, ಮೂಟೆ ಹೊತ್ತ, ಕಂದಕ ತೋಡಿದ ಕೂಲಿ ದಳದವರಿಗೆ ಕಂಚಿನದು. ಆ ಭೇದ ನೋಡಿ ಬೇಸರವಾಯಿತು. ಆದರೆ ಅಂಚನ್ನು ತಿರುಗಿಸಿದಾಗ ಕಂಚಿನದರ ಮೇಲೂ ನಂಬರು, ಹೆಸರು, ದಳ ಎಲ್ಲ ಅಚ್ಚಾಗಿತ್ತು. ಯಾವುದೋ ಹಳ್ಳಿಯ ಕೂಲಿಯ ಹೆಸರು ನೂರು ವರ್ಷ ದಾಟಿ ನನ್ನ ಅಂಗೈಗೆ ಬಂದಿತ್ತು.

ಊರಿಗೆ ಬಂದಾಗ ಅಜ್ಜಿಯ ಡಬ್ಬಿಯಲ್ಲಿದ್ದ ಇನ್ನೊಂದು ವಸ್ತುವನ್ನು ತೆಗೆದು ನೋಡಿದೆ. ನಮ್ಮಕ್ಕನ ಪದಕ. ಈ ಮೈದಾನದಲ್ಲಿ ಬರಿಗಾಲಲ್ಲಿ ಓಡಿ ಕಲಿತು, ತಾಲ್ಲೂಕು ಕ್ರೀಡಾಕೂಟದಲ್ಲಿ 400 ಮೀಟರಿನಲ್ಲಿ ಮೊದಲು ಬಂದವಳು. ಮರುವರ್ಷ ಮದುವೆಯಾಯಿತು, ಓಟ ಅಲ್ಲಿಗೆ ನಿಂತಿತು. ಪದಕದ ಮುಂಭಾಗದಲ್ಲಿ ಪಂಜು ಹಿಡಿದ ಓಟಗಾರ. ಹಿಂಬದಿ ಖಾಲಿ. ಹೆಸರಿಲ್ಲ, ಇಸವಿಯಿಲ್ಲ, ಶಾಲೆಯ ಹೆಸರೂ ಇಲ್ಲ. ನಾಳೆ ನನ್ನಂಥ ಯಾರಿಗೋ ಗುಜರಿಯಲ್ಲಿ ಸಿಕ್ಕರೆ ಅದು ಒಂದು ತಗಡು. ಅಕ್ಕ ಇಲ್ಲೇ ಎಡಗಡೆ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಎದ್ದು ನಿಲ್ಲು ಎಂದರೆ ನಿಲ್ಲುವುದಿಲ್ಲ, ಬಿಡಿ.

ಮುಖ್ಯೋಪಾಧ್ಯಾಯರಲ್ಲಿ ಒಂದು ಬೇಡಿಕೆ. ಇವತ್ತು ಸಂಜೆ ಕೊಡುವ ಪದಕಗಳ ಪೆಟ್ಟಿಗೆಯನ್ನು ನಾನು ಬೆಳಿಗ್ಗೆ ನೋಡಿದೆ. ಹಿಂಬದಿ ಎಲ್ಲವೂ ಖಾಲಿ. ಲೋಹದ ಮೇಲೆ ಬರೆಯುವ ಬ್ಯಾಟರಿ ಪೆನ್ನೊಂದನ್ನು ತಂದಿದ್ದೇನೆ. ಹಳೇ ನಾಣ್ಯದ ಮೇಲೆ ಒಂದು ಗೀರೂ ಬೀಳಬಾರದು ಎನ್ನುವವನೇ ನಾನು, ಆದರೆ ಇದಕ್ಕೆ ಆ ನಿಯಮ ಬೇಡ. ಎಂಟನೆಯ ತರಗತಿಯ ಮುಂದಿನ ಜಗಲಿಯಲ್ಲಿ ಮೇಜು ಹಾಕಿಕೊಂಡು ಕೂತಿರುತ್ತೇನೆ. ಊಟದ ಹೊತ್ತಿಗೆ ಮಕ್ಕಳ ಹೆಸರಿನ ಪಟ್ಟಿ ಕೊಟ್ಟರೆ ಸಂಜೆಯೊಳಗೆ ಮುಗಿಸುತ್ತೇನೆ. ಹಳೆಯ ವಿದ್ಯಾರ್ಥಿಗಳ ಮನೆಯಲ್ಲಿ ಇಂಥ ಪದಕ ಇದ್ದರೆ ಅದನ್ನೂ ತನ್ನಿ. ಮೊದಲನೆಯದು ಅಕ್ಕನದು, ಅದು ಆಗಲೇ ನನ್ನ ಜೇಬಿನಲ್ಲಿದೆ. ಹಳೇ ಕಾಸಿದ್ದರೆ ಹಾಗೇ ತನ್ನಿ, ದಯವಿಟ್ಟು ತೊಳೆಯಬೇಡಿ.