ಅಭಿಮಾನಿಯ ನೆನಪಿಗೆ ಬೆಲೆ ಕಟ್ಟೋರು ಯಾರು?

ರಾಜಕೀಯ, ರೇಟು, ಮಳೆ, ಇವೆಲ್ಲ ದಿನಾ ಇದ್ದಿದ್ದೇ. ಇವತ್ತು ಸ್ವಲ್ಪ ದೂರ ಹೋಗಿ ಬರೋಣ.

ಜುಲೈ 4, 2025, ಶುಕ್ರವಾರ ರಾತ್ರಿ. ಬ್ರಿಟನ್ನಿನ ಕಾರ್ಡಿಫ್ ನಗರದ ಸ್ಟೇಡಿಯಂ. ಅಣ್ಣ ತಮ್ಮ ಇಬ್ಬರು ಕೈ ಕೈ ಹಿಡಿದುಕೊಂಡು ವೇದಿಕೆಗೆ ಬಂದರು. ಸುದ್ದಿ ಇಷ್ಟೇ. ಆದರೆ ಕೆಳಗೆ ನಿಂತಿದ್ದ ಐವತ್ತು ವರ್ಷದ ಗಂಡಸರು ಮಕ್ಕಳ ಥರ ಅಳ್ತಾ ಇದ್ದರು. ಯಾಕೆ? ಅದನ್ನು ಹೇಳೋಕೇ ಇವತ್ತು ಕೂತಿದೀನಿ.

ಅಣ್ಣನ ಹೆಸರು ನೋಯೆಲ್ ಗ್ಯಾಲಗರ್, ತಮ್ಮನ ಹೆಸರು ಲಿಯಾಮ್ ಗ್ಯಾಲಗರ್. ಅವರ ಬ್ಯಾಂಡ್ ಹೆಸರು ಓಯಸಿಸ್. ನಮ್ಮಲ್ಲಿ ಒಂದು ಗಾದೆ ಇದೆ, ಹುಟ್ಟುತ್ತಾ ಅಣ್ಣ ತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತ. ಅದನ್ನು ಇವರನ್ನು ನೋಡಿಯೇ ಮಾಡಿದರೇನೋ ಅನ್ನಿಸಬೇಕು, ಹಾಗೆ ಜಗಳ ಆಡಿದರು. 2009ರ ಆಗಸ್ಟ್ 28, ಪ್ಯಾರಿಸ್‌ನಲ್ಲಿ ಕಾರ್ಯಕ್ರಮ ಶುರುವಾಗೋಕೆ ಸ್ವಲ್ಪ ಮುಂಚೆ ವೇದಿಕೆಯ ಹಿಂದೆ ಗಲಾಟೆ ಆಯ್ತು, ಗಿಟಾರ್ ಒಡೆದುಹೋಯ್ತು, ಬ್ಯಾಂಡೂ ಒಡೆದುಹೋಯ್ತು. ಆಮೇಲೆ ಹೆಚ್ಚುಕಡಿಮೆ ಹದಿನಾರು ವರ್ಷ ಇಬ್ಬರೂ ಒಟ್ಟಿಗೆ ಹಾಡಲಿಲ್ಲ.

ಇವರು ಎಷ್ಟು ದೊಡ್ಡವರಾಗಿದ್ದರು? ಒಂದು ಲೆಕ್ಕ ಕೊಡ್ತೀನಿ. 1996ರ ಆಗಸ್ಟ್ 10 ಮತ್ತು 11, ನೆಬ್‌ವರ್ತ್ ಅನ್ನೋ ಬಯಲಿನಲ್ಲಿ ಎರಡು ರಾತ್ರಿ ಹಾಡಿದರು. ಸೇರಿದ ಜನ ಎರಡೂವರೆ ಲಕ್ಷ. ನಮ್ಮ ಕೋಲಾರ ನಗರದ ಜನಸಂಖ್ಯೆ 2011ರ ಗಣತಿಯಲ್ಲಿ ಸುಮಾರು 1.38 ಲಕ್ಷ. ಕೋಲಾರ ಪೇಟೆಯಲ್ಲಿ ಒಬ್ಬರನ್ನೂ ಬಿಡದೆ ಕರೆದುಕೊಂಡು ಹೋದರೂ ಆ ಎರಡು ರಾತ್ರಿಯ ಜನರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಆಗೋದು ಅಂತ ಇಟ್ಟುಕೊಳ್ಳಿ. ಟಿಕೆಟ್ ಬೇಕು ಅಂತ ಅರ್ಜಿ ಹಾಕಿದವರು? 25 ಲಕ್ಷ!

ಮ್ಯಾಂಚೆಸ್ಟರ್‌ನ ಬರ್ನೇಜ್ ಅನ್ನೋ ಬಡಾವಣೆ. ಸರ್ಕಾರ ಬಾಡಿಗೆಗೆ ಕೊಡೋ ಮನೆ. ಐರ್ಲೆಂಡಿನಿಂದ ಬಂದ ಕುಟುಂಬ. ಗಂಡನನ್ನು ಬಿಟ್ಟು ಬಂದು ಮೂರು ಗಂಡುಮಕ್ಕಳನ್ನು ಸಾಕಿದ ತಾಯಿ. ಅಣ್ಣ ಇನ್ನೊಂದು ಬ್ಯಾಂಡಿನ ಸಾಮಾನು ಹೊತ್ತುಕೊಂಡು ಊರೂರು ತಿರುಗ್ತಿದ್ದ. ಅಂಥ ಮನೆಯ ಹುಡುಗರು 1994ರಲ್ಲಿ ಮೊದಲ ಆಲ್ಬಂ ತಂದಾಗ, ಬ್ರಿಟನ್ನಿನಲ್ಲಿ ಅಲ್ಲಿಯವರೆಗಿನ ಚೊಚ್ಚಲ ಆಲ್ಬಂಗಳಲ್ಲೇ ಅತಿ ಬೇಗ ಮಾರಾಟವಾದದ್ದು ಅದು. 1995ರ ಎರಡನೆಯದು ಪ್ರಪಂಚದಾದ್ಯಂತ ಎರಡು ಕೋಟಿಗೂ ಹೆಚ್ಚು ಹೋಯ್ತು. ಕೆಲಸ ಇಲ್ಲದೆ ಕೂತಿದ್ದ, ಫ್ಯಾಕ್ಟರಿ ಮುಚ್ಚಿದ ಊರುಗಳ ಹುಡುಗರಿಗೆ, ನಮ್ಮೋರೊಬ್ಬರು ಗೆದ್ದರಪ್ಪಾ ಅನ್ನಿಸಿತು. ಅಭಿಮಾನ ಹುಟ್ಟೋದೇ ಹಾಗೆ. ಹಾಡು ಚೆನ್ನಾಗಿದ್ದರೆ ಕೇಳ್ತೀವಿ. ಹಾಡೋನು ನಮ್ಮೋನು ಅನ್ನಿಸಿದರೆ ಅಭಿಮಾನಿ ಆಗ್ತೀವಿ. ಇದನ್ನು ಅಣ್ಣಾವ್ರ ನಾಡಿನವರಿಗೆ ನಾನು ಬಿಡಿಸಿ ಹೇಳಬೇಕಾ?

ಹುತ್ತೂರು ಕಡೆ ಹುಡುಗ ನೀನು, ನಿನಗೂ ಈ ಬ್ಯಾಂಡಿಗೂ ಏನಪ್ಪಾ ಸಂಬಂಧ ಅಂತ ಕೇಳ್ತೀರಿ. ಹಾಸ್ಟೆಲ್ ಸಂಬಂಧ ಸ್ವಾಮಿ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ ಓದಿ ಇಂಜಿನಿಯರಿಂಗ್ ಸೇರಿದೋನು ನಾನು. ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬರ ಹತ್ತಿರ ಒಂದು ಹಾರ್ಡ್ ಡಿಸ್ಕ್ ಇತ್ತು. ಬೆಂಗಳೂರಿನಲ್ಲಿ ಅವರ ಅಣ್ಣ ತೊಂಬತ್ತರ ದಶಕದಲ್ಲಿ ಕ್ಯಾಸೆಟ್ ಕೊಂಡು ಕೇಳಿದ ಹಾಡುಗಳು, ಆಮೇಲೆ ಎಂಪಿತ್ರೀ ಆಗಿ ಅದರೊಳಗೆ ಬಂದು ಕೂತಿದ್ದವು. ನಮಗೆ ಸಿಗೋ ಹೊತ್ತಿಗೆ ಬ್ಯಾಂಡಿನ ಕಾಲವೇ ಮುಗೀತಾ ಬಂದಿತ್ತು. ಅರ್ಧ ಪದ ಅರ್ಥ ಆಗ್ತಿರಲಿಲ್ಲ. ಆದರೆ ಸಂಜೆ ಟೆರೇಸ್ ಮೇಲೆ ಹತ್ತು ಹುಡುಗರು ತಪ್ಪು ತಪ್ಪಾಗಿ ಒಟ್ಟಿಗೆ ಕಿರುಚಿ ಹಾಡಿದರೆ, ಬ್ಯಾಕ್‌ಲಾಗ್ ಪೇಪರ್ ಎಷ್ಟಿದೆ ಅನ್ನೋದು ಮರೆತುಹೋಗ್ತಿತ್ತು. 2009ರಲ್ಲಿ ಬ್ಯಾಂಡ್ ಒಡೆದ ಸುದ್ದಿ ಬಂದಾಗ ಆ ಸೀನಿಯರ್‌ಗೆ ಒಂದು ಎಸ್ಸೆಮ್ಮೆಸ್ ಹಾಕಿದ್ವಿ. ಅವರು ಆಗ ಎಲ್ಲೋ ನೈಟ್ ಶಿಫ್ಟಿನಲ್ಲಿದ್ದರು. ಬಂದ ಉತ್ತರ ಒಂದೇ ಪದ: 'ಮುಗೀತು'.

ಏನು ಮುಗೀತು? ಹಾಡು ಹಾರ್ಡ್ ಡಿಸ್ಕಿನಲ್ಲಿ ಇದ್ದ ಹಾಗೇ ಇತ್ತಲ್ಲ?

ಈ ಪ್ರಶ್ನೆಗೆ ಉತ್ತರ ಬೇಕು ಅಂದರೆ ಅಭಿಮಾನಿಗಳು ಹಿಂದಕ್ಕೆ ತಿರುಗಿ ನೋಡಿದಾಗ ಏನನ್ನು ನೆನಪಿಸಿಕೊಳ್ತಾರೆ ಅಂತ ಗಮನಿಸಬೇಕು. ನೆಬ್‌ವರ್ತ್ ಕಾರ್ಯಕ್ರಮಕ್ಕೆ 25 ವರ್ಷ ಆದಾಗ, 2021ರಲ್ಲಿ, ಒಂದು ಸಾಕ್ಷ್ಯಚಿತ್ರ ಬಂತು. ಅದರ ವಿಶೇಷ ಏನಪ್ಪಾ ಅಂದ್ರೆ, ಆ ಕಥೆಯನ್ನು ಹೆಚ್ಚಾಗಿ ಹೇಳೋದು ಬ್ಯಾಂಡ್ ಅಲ್ಲ, ಅಲ್ಲಿಗೆ ಹೋಗಿದ್ದ ಜನ. ಟಿಕೆಟ್ ಹೇಗೆ ಸಿಕ್ತು, ಯಾರ ಜೊತೆ ಹೋದೆ, ಕೈಯಲ್ಲಿ ಮೊಬೈಲ್ ಇಲ್ಲದ ಕಾಲದಲ್ಲಿ ಆ ಜನಸಾಗರದ ಒಳಗೆ ನಿಂತಾಗ ಹೇಗಿತ್ತು. ಹಾಡಿನ ರಾಗ ತಾಳದ ವಿಮರ್ಶೆ ಅಲ್ಲಿ ಕಡಿಮೆ. ಪಕ್ಕದಲ್ಲಿ ನಿಂತಿದ್ದವರ ನೆನಪು ಜಾಸ್ತಿ.

ಇದು ಬರೀ ಭಾವುಕತೆ ಅಲ್ಲ. ಹತ್ತರಿಂದ ಮೂವತ್ತು ವರ್ಷದ ನಡುವಿನ ನೆನಪುಗಳು ಮನುಷ್ಯನಲ್ಲಿ ಉಳಿದ ವಯಸ್ಸಿನ ನೆನಪುಗಳಿಗಿಂತ ದಟ್ಟವಾಗಿ ಉಳಿಯುತ್ತವೆ ಅಂತ ಮನಶ್ಶಾಸ್ತ್ರಜ್ಞರು ಹೇಳ್ತಾರೆ. ಇಂಜಿನಿಯರಿಂಗಿನಲ್ಲಿ ನಮಗೆ ರೆಸೋನೆನ್ಸ್ ಅಂತ ಒಂದು ಪಾಠ ಇತ್ತು. ಉಯ್ಯಾಲೆ ತೂಗೋದು ಗೊತ್ತಲ್ಲ? ಸುಮ್ಮನೆ ಜೋರಾಗಿ ತಳ್ಳಿದರೆ ಪ್ರಯೋಜನ ಇಲ್ಲ. ಅದು ಬರೋ ಲಯಕ್ಕೆ ಸರಿಯಾಗಿ ಒಂದು ಬೆರಳು ತಾಗಿಸಿದರೂ ಮಾಡಿನ ತನಕ ಹೋಗುತ್ತೆ. ಹದಿನೆಂಟನೇ ವಯಸ್ಸಿಗೆ ಹಾಡು ತಗಲೋದು ಹಾಗೆ. ಮೂವತ್ತೈದಕ್ಕೆ ಅದಕ್ಕಿಂತ ಒಳ್ಳೆ ಹಾಡು ಬಂದರೂ ಉಯ್ಯಾಲೆ ಅಷ್ಟು ಎತ್ತರ ಏರೋದಿಲ್ಲ.

ಹಾಗಂತ ಹಳೇದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಚಿನ್ನದ ಗಣಿ ಇದ್ದ ಜಿಲ್ಲೆಯವನು ನಾನು. ಅದಿರು ತೆಗೆಯೋದು ಟನ್ ಲೆಕ್ಕದಲ್ಲಿ, ಚಿನ್ನ ಸಿಗೋದು ಗ್ರಾಂ ಲೆಕ್ಕದಲ್ಲಿ ಅನ್ನೋದು ಗೊತ್ತು. ಓಯಸಿಸ್‌ನ ಮೂರನೇ ಆಲ್ಬಂ 1997ರಲ್ಲಿ ಬಂತು. ಬ್ರಿಟನ್ನಿನಲ್ಲಿ ಮೊದಲ ದಿನವೇ ನಾಲ್ಕು ಲಕ್ಷಕ್ಕೂ ಹೆಚ್ಚು ಮಾರಾಟ. ಪತ್ರಿಕೆಗಳು ಹಾಡಿ ಹೊಗಳಿದವು. ಕೆಲವೇ ಕಾಲದಲ್ಲಿ ಅದೇ ಜನ, ಅಯ್ಯೋ ಇದು ಅತಿಯಾಯ್ತು ಅಂದರು. ನಿಜವಾದ ಅಭಿಮಾನಿ ಅದನ್ನೂ ಒಪ್ಪಿಕೊಳ್ತಾನೆ. ಅವನ ಪ್ರೀತಿ ಕುರುಡು ಅಲ್ಲ, ಹಠಮಾರಿ.

ಈ ಹಠಕ್ಕೂ ಒಂದು ಮಾರುಕಟ್ಟೆ ಇದೆ.

2024ರ ಆಗಸ್ಟ್ 27ರಂದು, ಮತ್ತೆ ಒಂದಾಗ್ತೀವಿ ಅಂತ ಅಣ್ಣ ತಮ್ಮ ಘೋಷಣೆ ಮಾಡಿದರು. 31ಕ್ಕೆ ಟಿಕೆಟ್ ಮಾರಾಟ. ಆನ್‌ಲೈನ್ ಕ್ಯೂನಲ್ಲಿ ಜನ ಗಂಟೆಗಟ್ಟಲೆ ಕಾದರು. ಕೊನೆಗೆ ತಮ್ಮ ಸರದಿ ಬಂದಾಗ ನೋಡಿದರೆ, ಸುಮಾರು 150 ಪೌಂಡ್ ಇದ್ದ ನಿಂತು ನೋಡೋ ಟಿಕೆಟ್ಟು 355 ಪೌಂಡ್ ಆಗಿ ಕೂತಿದೆ! ಆಗಿನ ಲೆಕ್ಕದಲ್ಲಿ ಹದಿನಾರು ಸಾವಿರ ರೂಪಾಯಿಯದು ಮೂವತ್ತೊಂಬತ್ತು ಸಾವಿರ. ಜನ ರೊಚ್ಚಿಗೆದ್ದರು. ಬೇಡಿಕೆ ನೋಡಿ ಬೆಲೆ ಏರಿಸೋ ಪದ್ಧತಿ ಬಗ್ಗೆ ಬ್ರಿಟನ್ನಿನ ಪಾರ್ಲಿಮೆಂಟಿನವರೆಗೂ ಮಾತು ಹೋಯ್ತು. ಅಲ್ಲಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರ ತನಿಖೆ ಶುರು ಮಾಡಿತು. ನಮ್ಮಲ್ಲೂ ಅದೇ ಸೆಪ್ಟೆಂಬರಿನಲ್ಲಿ ಕೋಲ್ಡ್‌ಪ್ಲೇ ಅನ್ನೋ ಇನ್ನೊಂದು ಬ್ರಿಟಿಷ್ ಬ್ಯಾಂಡಿನ ಮುಂಬೈ ಟಿಕೆಟ್ಟುಗಳು ಕಾಳಸಂತೆಗೆ ಹೋದದ್ದನ್ನು ನೀವೇ ನೋಡಿದಿರಿ.

ಕಲಾವಿದರಿಗೆ ದುಡ್ಡು ಬರಬಾರದು ಅಂತ ಯಾರೂ ಹೇಳಲ್ಲ. ದೀಪ, ಧ್ವನಿ, ಲಾರಿ, ನೂರಾರು ಕೆಲಸಗಾರರು, ಎಲ್ಲಕ್ಕೂ ಖರ್ಚಿದೆ. ನಾನು ಹೇಳೋದು ಬೇರೆ. ಈರುಳ್ಳಿ ದುಬಾರಿ ಆದರೆ ಒಂದು ವಾರ ಬಿಡಬಹುದು. ನನ್ನ ಇಪ್ಪತ್ತನೇ ವಯಸ್ಸನ್ನು ಒಂದು ರಾತ್ರಿ ವಾಪಸ್ ಕೊಡ್ತೀನಿ ಬಾ ಅಂದರೆ, ಬೇಡ ಅಂತ ಹೇಗೆ ಬಿಡೋದು? ಬಿಡೋಕೆ ಆಗಲ್ಲ ಅನ್ನೋದು ಮಾರೋನಿಗೆ ಗೊತ್ತು. ಆ ಹೆಚ್ಚುವರಿ ಇಪ್ಪತ್ತಮೂರು ಸಾವಿರ ಹಾಡಿನ ಬೆಲೆ ಅಲ್ಲ ವೀಕ್ಷಕರೇ. ಅದು ಅಭಿಮಾನಿಯ ನೆನಪಿನ ಬೆಲೆ.

ಆದರೆ ಟಿಕೆಟ್ ಇಲ್ಲದ ಒಂದು ಕಾರ್ಯಕ್ರಮವೂ ಇತ್ತು. 2017ರ ಮೇ 22. ಮ್ಯಾಂಚೆಸ್ಟರ್‌ನಲ್ಲಿ ಒಂದು ಸಂಗೀತ ಕಾರ್ಯಕ್ರಮ ಮುಗಿಸಿ ಜನ ಹೊರಗೆ ಬರೋ ಹೊತ್ತಿಗೆ ಬಾಂಬ್ ಸ್ಫೋಟ ಆಯ್ತು. 22 ಅಮಾಯಕರು ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಮೂರು ದಿನದ ಮೇಲೆ ಊರಿನ ಚೌಕದಲ್ಲಿ ಜನ ಸೇರಿ ಒಂದು ನಿಮಿಷ ಮೌನ ಆಚರಿಸಿದರು. ಮೌನ ಮುಗೀತು. ಏನು ಮಾಡಬೇಕು ಅಂತ ಯಾರಿಗೂ ಗೊತ್ತಿಲ್ಲ. ಗುಂಪಿನೊಳಗಿಂದ ಒಬ್ಬ ಹೆಣ್ಣುಮಗಳು ಮೆಲ್ಲಗೆ 'ಡೋಂಟ್ ಲುಕ್ ಬ್ಯಾಕ್ ಇನ್ ಆಂಗರ್' ಹಾಡೋಕೆ ಶುರು ಮಾಡಿದರು. ಓಯಸಿಸ್‌ನ ಹಾಡು. ಹಿಂದಿನದನ್ನು ಸಿಟ್ಟಿನಿಂದ ನೋಡಬೇಡ ಅನ್ನೋದು ಆ ಹೆಸರಿನ ತಾತ್ಪರ್ಯ. ಪಕ್ಕದವರು ಸೇರಿದರು, ಆಮೇಲೆ ಇಡೀ ಚೌಕವೇ ಸೇರಿತು. ಬ್ಯಾಂಡ್ ಇಲ್ಲ, ಮೈಕ್ ಇಲ್ಲ. ಅಣ್ಣ ತಮ್ಮ ಆಗಿನ್ನೂ ಮಾತು ಬಿಟ್ಟಿದ್ದರು. ಹಾಡು ಮಾತ್ರ ಜನರ ಹತ್ತಿರ ಇತ್ತು. ಸೀನಿಯರ್ 'ಮುಗೀತು' ಅಂದಿದ್ದಕ್ಕೆ ಅವತ್ತು ಆ ಊರು ಉತ್ತರ ಕೊಟ್ಟಿತು.

ಈಗ ನಮ್ಮ ಕಡೆಗೆ ಬರೋಣ. ಬೆಂಗಳೂರಿನ ಅರಮನೆ ಮೈದಾನಕ್ಕೆ 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬಂದರು, 2007ರಲ್ಲಿ ಐರನ್ ಮೇಡನ್ ಬಂದರು. ಅವೆರಡರ ನಡುವೆ 2005ರ ಏಪ್ರಿಲ್‌ನಲ್ಲಿ ಅದೇ ಮೈದಾನದಲ್ಲಿ ಸಿ. ಅಶ್ವತ್ಥ್ ಅವರು 'ಕನ್ನಡವೇ ಸತ್ಯ' ಮಾಡಿದರು. ಕನ್ನಡದ ಕವಿತೆ ಕೇಳೋಕೆ ಮೈದಾನ ತುಂಬಾ ಜನ! ಅಶ್ವತ್ಥ್ 2009ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವತ್ತು ಅಲ್ಲಿದ್ದವರನ್ನು ಈಗ ಕೇಳಿ ನೋಡಿ. ಯಾವ ಬಸ್ಸಿನಲ್ಲಿ ಬಂದೆ, ಯಾರ ಹೆಗಲ ಮೇಲೆ ಮಗು ಇತ್ತು, ಅಲ್ಲಿಂದಲೇ ಶುರು ಮಾಡ್ತಾರೆ. ನೆಬ್‌ವರ್ತ್‌ನವರ ಥರಾನೇ.

ಇನ್ನೂ ಒಂದು ಹೆಜ್ಜೆ ಒಳಗೆ ಬನ್ನಿ, ಕೋಲಾರಕ್ಕೆ. ಇಲ್ಲಿ ಗಿಟಾರ್ ಇರಲಿಲ್ಲ, ತಮಟೆ ಇತ್ತು. ದಲಿತ ಚಳವಳಿಯ ಹಾಡುಗಳು ಎಂಬತ್ತು, ತೊಂಬತ್ತರ ದಶಕದಲ್ಲಿ ಈ ಜಿಲ್ಲೆಯ ಕೇರಿ ಕೇರಿಗೆ ಹೋದವು. ಕೋಟಿಗಾನಹಳ್ಳಿ ರಾಮಯ್ಯ ಬರೆದರು, ಪಿಚ್ಚಳ್ಳಿ ಶ್ರೀನಿವಾಸ್ ಹಾಡಿದರು. ಹೆಸರು ಗೊತ್ತಿರೋರು ಕೆಲವರು, ಹೆಸರು ಗೊತ್ತಿಲ್ಲದೆ ಹಾಡಿದವರು ನೂರಾರು. ಅದರ ಜೊತೆ ಕೇಳಿಕೆ ಆಟ, ಪಂಡರಿ ಭಜನೆ, ಕೈವಾರ ತಾತಯ್ಯನ ತತ್ವಪದ. ಕನ್ನಡ, ತೆಲುಗು ಎರಡೂ ಒಂದೇ ಉಸಿರಿನಲ್ಲಿ. ಟಿಕೆಟ್ ಇಲ್ಲ, ಪೋಸ್ಟರ್ ಇಲ್ಲ. ತೇರಹಳ್ಳಿ ಬೆಟ್ಟದ ಮೇಲೆ 'ಆದಿಮ'ದವರು ಹುಣ್ಣಿಮೆ ರಾತ್ರಿ ಹಾಡು, ನಾಟಕ ಅಂತ ಜನರನ್ನು ಸೇರಿಸಿದ್ದು ಇದೇ ಬೇರಿನಿಂದ.

ನಮ್ಮ ಹುತ್ತೂರು ಕಡೆ ಹಿರಿಯರೊಬ್ಬರು ಇದ್ದಾರೆ. ಆ ಕಾಲದಲ್ಲಿ ತಮಟೆ ಹಿಡಿದು ಹೋದವರು. ಮೊನ್ನೆ ಊರಿಗೆ ಹೋದಾಗ ಕೇಳಿದೆ, 'ದೊಡ್ಡಪ್ಪ, ಯಾವ ಹಾಡಿಗೆ ಜನ ಜಾಸ್ತಿ ಕುಣೀತಿದ್ರು?' ಅವರು ನಕ್ಕರು. 'ಹಾಡು ಇರ್ಲಿ ಬಿಡಪ್ಪ. ರಾತ್ರಿ ಲಾರಿ ಸಿಗದೆ ನಡಕೊಂಡೇ ಬಂದ್ವಿ. ದಾರಿ ಉದ್ದಕ್ಕೂ ಹಾಡ್ಕೊಂಡು ಬಂದ್ವಿ. ಅವತ್ತಿನ ಏಳು ಜನದಲ್ಲಿ ಈಗ ನಾನು, ಇನ್ನೊಬ್ಬ ಇದೀವಿ.' ಅವರ ದನಿ ಎಲ್ಲಾದರೂ ರೆಕಾರ್ಡ್ ಆಗಿದೆಯಾ ಅಂತ ಕೇಳಿದೆ. 'ನಮ್ದು ಯಾರು ಮಾಡ್ತಾರೆ?' ಅಂದರು.

ನೋಡಿ, ವ್ಯತ್ಯಾಸ ಇಲ್ಲೇ ಇರೋದು. ಅಲ್ಲಿ ಅಭಿಮಾನಿಯ ನೆನಪಿಗೆ ಮಾರುಕಟ್ಟೆ ಅತಿಯಾದ ಬೆಲೆ ಕಟ್ಟಿತು. ಇಲ್ಲಿ ಯಾರೂ ಬೆಲೆಯನ್ನೇ ಕಟ್ಟಲಿಲ್ಲ. ಓಯಸಿಸ್ ಹದಿನಾರು ವರ್ಷ ಬಿಟ್ಟು ವಾಪಸ್ ಬರಬಹುದು, ಯಾಕಂದ್ರೆ ಹಾಡು, ಚಿತ್ರ, ಅಭಿಮಾನಿಯ ಮಾತು, ಎಲ್ಲ ದಾಖಲೆಯಲ್ಲಿದೆ. ಏಳು ಜನದಲ್ಲಿ ಇಬ್ಬರು ಉಳಿದಿರೋ ತಂಡಕ್ಕೆ ಮರುಮಿಲನದ ಪ್ರವಾಸ ಇಲ್ಲ.

ಸರ್ಕಾರ ಮಾಡಲಿ, ಅಕಾಡೆಮಿ ಮಾಡಲಿ, ಖಂಡಿತ ಮಾಡಬೇಕು. ನಾವು ಚಾನೆಲ್‌ನವರೂ ಮಾಡಬೇಕು. ಆದರೆ ಅದಕ್ಕೆ ಕಾಯಬೇಡಿ. ಎರಡೂವರೆ ಲಕ್ಷ ಜನ ಸೇರಿದ ಆ ಬಯಲಿನಲ್ಲಿ ಹೆಚ್ಚಿನವರ ಹತ್ತಿರ ಇರದಿದ್ದ ಒಂದು ಸಾಮಾನು ಇವತ್ತು ನಿಮ್ಮ ಜೇಬಿನಲ್ಲಿದೆ, ಮೊಬೈಲ್. ಈ ಭಾನುವಾರ ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಹಾಡುತ್ತಿದ್ದವರ ಮುಂದೆ ಕೂತುಕೊಳ್ಳಿ. ಸೋಬಾನೆ ಹಾಡಿದ ಅಜ್ಜಿ ಇರಬಹುದು, ಆರ್ಕೆಸ್ಟ್ರಾದಲ್ಲಿ ಹಾಡಿದ ಮಾವ ಇರಬಹುದು. ಹಾಡಿ ಅಂತ ಬಲವಂತ ಮಾಡಬೇಡಿ. ಅವತ್ತು ಜೊತೆಗೆ ಯಾರ್ಯಾರು ಇದ್ರು ಅಂತ ಕೇಳಿ. ಹಾಡು ತಾನಾಗೇ ಬರುತ್ತೆ. ಹೆಸರು, ಊರು, ತಾರೀಕು ಹೇಳಿಸಿ, ಜೋಪಾನವಾಗಿ ಇಟ್ಟುಕೊಳ್ಳಿ.

ಕಾರ್ಡಿಫ್‌ನಲ್ಲಿ ಅತ್ತವರನ್ನು ನೋಡಿ ನಗಬೇಡಿ. ಅವರು ಪುಣ್ಯವಂತರು, ಅಳೋಕೆ ಅವರಿಗೆ ಒಂದು ವೇದಿಕೆ ಸಿಕ್ಕಿತು. ನಮ್ಮವರಿಗೆ ಕೊನೇ ಪಕ್ಷ ಒಂದು ಕಿವಿ ಸಿಗಲಿ.