ಏಕವಾದ್ಯದ ಹಿಂದಿನ ಉಸಿರು

(ಮಾಲ್ಮೋದಲ್ಲಿ ಕನ್ನಡ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಸ್ವೀಡನ್ನಿನ ಚರ್ಚುಗಳಲ್ಲಿ, ಅದರಲ್ಲೂ ಅಂತ್ಯಸಂಸ್ಕಾರದ ಹೊತ್ತಿನಲ್ಲಿ, ಮತ್ತೆ ಮತ್ತೆ ಕೇಳಿಬರುವ ಒಂದು ಪುಟ್ಟ ಆರ್ಗನ್ ಕೃತಿಯಿದೆ: ‘ದಾಲಾರ್ನದ ಹಳೆಯ ಫೇಬೂದ್ ಪ್ರಾರ್ಥನಾಗೀತೆ’. ಇದನ್ನು 1936ರಲ್ಲಿ ರಚಿಸಿದ ಆಸ್ಕರ್ ಲಿಂಡ್‌ಬರ್ಗ್ ದಾಲಾರ್ನ ಪ್ರಾಂತ್ಯದಲ್ಲೇ ಹುಟ್ಟಿ, 1914ರಿಂದ ಸ್ಟಾಕ್‌ಹೋಮಿನ ಎಂಗೆಲ್‌ಬ್ರೆಕ್ಟ್ ಚರ್ಚಿನಲ್ಲಿ ಆರ್ಗನ್ ನುಡಿಸಿದವರು. ಕೆಲವೇ ನಿಮಿಷಗಳ ಕೃತಿ, ಅವಸರವಿಲ್ಲ, ಆರ್ಭಟವಿಲ್ಲ.

ಧಾಟಿ ಮಾತ್ರ ಅವರದಲ್ಲ. ಫೇಬೂದ್ ಎಂದರೆ ಬೇಸಿಗೆಯಲ್ಲಿ ದನ, ಆಡುಗಳನ್ನು ಹೊಡೆದುಕೊಂಡು ಹೋಗಿ ತಂಗುತ್ತಿದ್ದ ಕಾಡಿನ ಹಟ್ಟಿ. ಅಲ್ಲಿ ದುಡಿಯುತ್ತಿದ್ದವರು ಬಹುಪಾಲು ಹೆಂಗಸರು, ಹುಡುಗಿಯರು. ಹಾಲು ಕರೆದು, ಬೆಣ್ಣೆ ತೆಗೆದು, ಗಿಣ್ಣು ಕಟ್ಟಿ, ದೂರದ ದನಗಳನ್ನು ಎತ್ತರದ ದನಿಯಲ್ಲಿ ಕೂಗಿ ಕರೆಯುತ್ತಿದ್ದರು. ಊರಿನ ಚರ್ಚು ದೂರ. ಪ್ರಾರ್ಥನೆಯನ್ನೂ ಅಲ್ಲೇ ಹಾಡಿಕೊಳ್ಳಬೇಕು. ಈ ಬೇಸಿಗೆ ಹಟ್ಟಿಗಳ ಬದುಕನ್ನು 2024ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾಡಿದವರ ಹೆಸರು ಕೃತಿಯ ಶೀರ್ಷಿಕೆಯಲ್ಲಿಲ್ಲ. ದುಡಿಮೆಯ ಜಾಗವಿದೆ. ಅಷ್ಟನ್ನಾದರೂ ಉಳಿಸಿದ್ದಕ್ಕೆ ಲಿಂಡ್‌ಬರ್ಗ್ ನನಗೆ ಇಷ್ಟ. (ಪ್ರಾರ್ಥನಾಗೀತೆ ನಾಸ್ತಿಕನಿಗೇಕೆ ಎಂದು ನಗುವ ಗೆಳೆಯರು ಇಲ್ಲೂ ಇದ್ದಾರೆ. ನಗಲಿ.)

ಈ ಊರಿನ ಸೇಂಟ್ ಪೆತ್ರಿ ಚರ್ಚಿಗಾಗಿ 1500ರ ಸುಮಾರಿಗೆ ಕಟ್ಟಿದ ಆರ್ಗನ್ ಈಗ ಮಾಲ್ಮೋ ವಸ್ತುಸಂಗ್ರಹಾಲಯದ ಸ್ವತ್ತು. ನಮ್ಮ ಹಾರ್ಮೋನಿಯಂ ವಾದಕ ಒಂದು ಕೈಯಿಂದ ತಾನೇ ತಿದಿ ಒತ್ತುತ್ತಾನೆ. ಆರ್ಗನ್ ವಾದಕನ ಎರಡೂ ಕೈ, ಎರಡೂ ಕಾಲು ಮಣೆಗಳ ಮೇಲೆ. ವಿದ್ಯುತ್ ಬರುವ ಮುನ್ನ ಕೊಳವೆಗಳಿಗೆ ಗಾಳಿ ತುಂಬಲು, ಸಭೆಯ ಕಣ್ಣಿಗೆ ಬೀಳದಂತೆ ನಿಂತು ತಿದಿ ತುಳಿಯುವ ಆಳು ಬೇಕಿತ್ತು. ಅವನ ಕಾಲು ಸೋತರೆ ಸಂಗೀತವೇ ಇಲ್ಲ. ಆದರೂ ನಾವು ಅದನ್ನು ‘ಏಕವಾದ್ಯ’ ಎಂದೆವು!

ಇದೇ ಪ್ರಶ್ನೆ ನಮ್ಮಲ್ಲೂ ಇದೆ. ಲಿಂಡ್‌ಬರ್ಗರ ಕೃತಿಗೆ ಐದು ವರ್ಷ ಮೊದಲು, 1931ರಲ್ಲಿ, ‘ಗರತಿಯ ಹಾಡು’ ಪ್ರಕಟವಾಯಿತು. ಅದನ್ನು ಸಂಗ್ರಹಿಸಿದ ಹಲಸಂಗಿಯ ಗೆಳೆಯರ ಹೆಸರು ಸಾಹಿತ್ಯ ಚರಿತ್ರೆಯಲ್ಲಿ ಭದ್ರವಾಗಿದೆ, ಇರಬೇಕಾದದ್ದೇ. ಬೀಸುಕಲ್ಲಿನ ಮುಂದೆ ಕೂತು ಆ ತ್ರಿಪದಿಗಳನ್ನು ಕಟ್ಟಿದವರನ್ನು ಮಾತ್ರ ನಾವು ‘ಜನಪದ’ ಎಂದು ಕರೆದು ಸುಮ್ಮನಾದೆವು.

ಮಕ್ಕಳನ್ನು ನೋಡಲು ಬೇಸಿಗೆಗೆ ಇಲ್ಲಿಗೆ ಬರುವ ನಮ್ಮ ಅಮ್ಮಂದಿರಲ್ಲಿ ಬೀಸುವ ಪದ ಬಲ್ಲವರಿದ್ದಾರೆ. ಧ್ವನಿಮುದ್ರಿಸಿಕೊಳ್ಳುವಾಗ ಅವರ ಹೆಸರು, ಊರು, ಹಾಡು ಯಾರಿಂದ ಕಲಿತರೆಂಬುದನ್ನು ಮೊದಲು ಕೇಳಿ ಬರೆದುಕೊಳ್ಳಿ. ಹಾಡು ಆಮೇಲೆ.