ಕೂಲಿ, ಮದುವೆ, ಸೋಡಚೀಟಿ

(ಗಿರಣಿ ಕಾಮಗಾರರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮದುವೆ ಋಣಾನುಬಂಧವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಅನುಬಂಧದ ಮಾತು ಹೇಗಾದರೂ ಇರಲಿ, ಋಣವಂತೂ ನಿಜ. ಅಂಗಡಿಯವನು ಮನೆಯ ಬಂಗಾರ ಒತ್ತೆಯಿಟ್ಟು ಮಗಳ ಮದುವೆ ಮಾಡುತ್ತಾನೆ. ಗಿರಣಿಯವನು ಭವಿಷ್ಯನಿಧಿಗೆ ಕೈಹಾಕುತ್ತಾನೆ. ಏಳು ವರ್ಷ ಸದಸ್ಯನಾದವನು ತನ್ನ ವಂತಿಗೆಯ ಅರ್ಧದವರೆಗೆ ಮದುವೆಗಾಗಿ ತೆಗೆಯಬಹುದೆಂಬ ನಿಯಮ ಬಹುಕಾಲ ನಡೆದುಬಂತು. ಮುಪ್ಪಿಗೆಂದು ಕೂಡಿಟ್ಟ ಅನ್ನ ಹೀಗೆ ಒಂದೇ ದಿನದ ಪಂಕ್ತಿಯಲ್ಲಿ ಕರಗುತ್ತದೆ. 1961ರಲ್ಲೇ ನಿಷೇಧವಾದ ವರದಕ್ಷಿಣೆ ವರೋಪಚಾರವೆಂಬ ಹೆಸರಿನಲ್ಲಿ ಬದುಕಿಕೊಂಡಿದೆ.

ಹೀಗೆ ಸಾಲಮಾಡಿ ಹಾಕಿದ ಗಂಟನ್ನು ಬಿಚ್ಚುವುದು ಇನ್ನೂ ಕಷ್ಟ. 1955ರ ಹಿಂದೂ ವಿವಾಹ ಕಾಯಿದೆ ವಿಚ್ಛೇದನಕ್ಕೆ ದಾರಿ ಮಾಡಿದಾಗ ಸಂಸಾರಗಳೆಲ್ಲ ಮುಳುಗಿಹೋದುವೆಂದು ಗೋಳಾಡಿದವರಿದ್ದರು. ದುಡಿಯುವವರ ಬಾಳು ಅವರಿಗೆ ಗೊತ್ತಿರಲಿಲ್ಲ. ನಮ್ಮ ಅನೇಕ ಜಾತಿಗಳಲ್ಲಿ ಸೋಡಚೀಟಿ, ಉಡಿಕೆ ಮೊದಲಿನಿಂದ ಇದ್ದವು. ಆ ಕಾಯಿದೆಯೂ ರೂಢಿಯ ವಿಚ್ಛೇದನವನ್ನು ಅಳಿಸಲಿಲ್ಲ. ಹಕ್ಕು ಇತ್ತು. ಬಿಟ್ಟು ಬಂದ ಮೇಲೆ ಉಣ್ಣುವುದೇನು ಎಂಬುದಕ್ಕೆ ಉತ್ತರವಿರಲಿಲ್ಲ, ಈಗಲೂ ಇಲ್ಲ.

2011ರ ಜನಗಣತಿಯಲ್ಲಿ ವಿಚ್ಛೇದನ ಪಡೆದವರೆಂದು ಬರೆಸಿದವರು ಸುಮಾರು 13.6 ಲಕ್ಷ. ವಿಚ್ಛೇದನವಿಲ್ಲದೆ ಬೇರೆಯಾಗಿ ಬದುಕುವವರು ಅದರ ಎರಡೂವರೆ ಪಟ್ಟಿಗೂ ಹೆಚ್ಚು. ಎರಡರಲ್ಲೂ ಹೆಂಗಸರೇ ಜಾಸ್ತಿ. ಯಾಕೆಂದು ಕೇಳಲು ಪಂಡಿತರು ಬೇಕಿಲ್ಲ. ಪ್ರತಿಯೊಂದು ವಾಯಿದೆಗೂ ಒಂದು ದಿನದ ಕೂಲಿ ಹೋಗಬೇಕು, ಬಸ್ಸಿನ ಖರ್ಚು ಆಗಬೇಕು, ವಕೀಲರಿಗೆ ಕೊಡಬೇಕು. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದನ್ನು ನಾವೆಲ್ಲ ಬಲ್ಲೆವು. ಗಿರಣಿ ಮುಚ್ಚಿದರೆ ಗಂಡಸು ಕೆಲಸ ಹುಡುಕಿ ದೂರ ಹೋಗುತ್ತಾನೆ. ಮೊದಲು ತಿಂಗಳಿಗೊಮ್ಮೆ ಹಣ ಬರುತ್ತದೆ, ಆಮೇಲೆ ಹಬ್ಬಕ್ಕೊಮ್ಮೆ, ಕಡೆಗೆ ಸುದ್ದಿಯೂ ಇಲ್ಲ. ಇಂಥ ವಿಚ್ಛೇದನ ಯಾವ ಕೋರ್ಟಿನ ದಫ್ತರಕ್ಕೂ ಬರುವುದಿಲ್ಲ. ಇನ್ನು ಕೆಲವರು ಒಂದು ಬಾಡಿಗೆ, ಒಂದು ಒಲೆ ಎಂಬ ಲೆಕ್ಕಕ್ಕೆ ಕಟ್ಟುಬಿದ್ದು ಹೊಡೆತ ತಿಂದರೂ ಒಟ್ಟಿಗಿರುತ್ತಾರೆ. ಅದನ್ನು ಸತೀಧರ್ಮವೆಂದು ಹೊಗಳುವವರು ಆ ಮನೆಯಲ್ಲಿ ಒಂದು ರಾತ್ರಿ ಇದ್ದು ನೋಡಲಿ.

ಜೀವನಾಂಶವಿದೆಯಲ್ಲ ಎನ್ನುತ್ತೀರಿ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ತಿಂಗಳಿಗೆ 500 ರೂಪಾಯಿಯ ಮಿತಿ ಹಾಕಿತ್ತು. ಅಕ್ಕಿ, ಎಣ್ಣೆಯ ಬೆಲೆ ಎಲ್ಲಿಗೋ ಹೋದರೂ ಆ 500 ಅಲುಗಲಿಲ್ಲ. ಮಿತಿಯನ್ನು ತೆಗೆದದ್ದು 2001ರಲ್ಲಿ. ತೆಗೆದರೂ ಕೆಲಸವಿಲ್ಲದ ಗಂಡನಿಂದ ವಸೂಲಾಗುವುದೆಷ್ಟು? ಹೆಣ್ಣಿನ ಕೈಯಲ್ಲಿ ಅವಳದೇ ಕೂಲಿ ಇರಬೇಕೆಂದು ನಾವು ಹೇಳುವುದು ಅದಕ್ಕೇ. ಸಮಾನ ವೇತನದ ಕಾಯಿದೆ 1976ರಲ್ಲಿ ಬಂತು. ಬಟವಾಡೆಯ ದಿನ ಅದು ಎಲ್ಲಿ ಅಡಗಿರುತ್ತಿತ್ತೋ ತಿಳಿಯದು.

2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ 2000 ರೂಪಾಯಿ ಸಣ್ಣ ಮೊತ್ತವೇನಲ್ಲ. ಆದರೆ ಅದು ಹೋಗುವುದು ರೇಷನ್ ಕಾರ್ಡಿನಲ್ಲಿ ಯಜಮಾನಿಯೆಂದು ಬರೆದವಳಿಗೆ. ಗಂಡನ ಮನೆ ಬಿಟ್ಟು ಬಂದವಳ ಹೆಸರು ಅತ್ತೆಯ ಕಾರ್ಡಿನಲ್ಲೇ ಉಳಿದಿದ್ದರೆ ಅಕ್ಕಿಯೂ ಅಲ್ಲಿಗೆ, ಹಣವೂ ಅಲ್ಲಿಗೆ. ಇಂಥ ಅಕ್ಕತಂಗಿಯರು ನಿಮ್ಮ ಓಣಿಯಲ್ಲಿದ್ದರೆ ಸಂಘದ ಕಚೇರಿಗೆ ಕರೆತನ್ನಿ. ಹಳೆಯ ಕಾರ್ಡಿನಿಂದ ಹೆಸರು ತೆಗೆಸಿ ಹೊಸದಕ್ಕೆ ಅರ್ಜಿ ಬರೆದುಕೊಡುವುದು ಮೊದಲ ಕೆಲಸ. ವಕೀಲರ ಮಾತು ಆಮೇಲೆ.